ಹಳೇ ಕಾರಿನ ಕಾರ್ಬೊರೇಟರ್‌ಗೆ ಯಾವ ನೀಡಲ್ ವಾಲ್ವ್ ಹಾಕೋದು? ತೂತಿನ ಸೈಜು, ಮೆಟೀರಿಯಲ್ಲು, ಪಂಪಿನ ಪ್ರೆಷರ್ರು

ಪದ್ಮಿನಿ, ಅಂಬಾಸಿಡರ್, ಹೆರಾಲ್ಡ್, ಮಾರಿಸ್, ಹಳೇ ಜೀಪು ಇಟ್ಕೊಂಡಿರೋರು ಮೈಸೂರು ಮಂಡ್ಯ ಕಡೆ ಇನ್ನೂ ಬೇಕಾದಷ್ಟು ಜನ ಇದ್ದೀರ, ಮತ್ತೆ ನೀವು ಕೇಳೋ ಪ್ರಶ್ನೆನೂ ಹೆಚ್ಚುಕಮ್ಮಿ ಒಂದೇ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬೊರೇಟರನ್ನ ಬಿಚ್ಚಿ ತೊಳ್ಸಿ ಹೊಸ ಕಿಟ್ ಹಾಕ್ಸಿದ್ರೂ ಓವರ್‌ಫ್ಲೋ, ಅಂದ್ರೆ ಪೆಟ್ರೋಲ್ ತುಂಬಿ ಚೆಲ್ಲೋದು, ನಿಂತಿಲ್ಲ, ನೀಡಲ್ ವಾಲ್ವ್ ದೊಡ್ಡದು ಹಾಕ್ಲಾ ಚಿಕ್ಕದು ಹಾಕ್ಲಾ, ರಬ್ಬರ್ ತುದಿಯದಾ ಬರೀ ಲೋಹದ್ದಾ, ಅಂಗಡಿಯೋನು ಎಲ್ಲಾ ಒಂದೇ ಅಂತಾನೆ. ಎಲ್ಲಾ ಒಂದೇ ಅಲ್ಲ. ಹಿಂದೆ ಇದ್ದಿದ್ದು ಎಷ್ಟು ದಪ್ಪದ ತೂತು, ನಿಮ್ಮ ಪಂಪು ಎಷ್ಟು ಜೋರಾಗಿ ತಳ್ಳತ್ತೆ, ಇವತ್ತು ಬಂಕಲ್ಲಿ ಸಿಗೋ ಪೆಟ್ರೋಲ್ ಎಂಥದ್ದು, ಈ ಮೂರು ಗೊತ್ತಿಲ್ದೆ ವಾಲ್ವ್ ತಗೊಂಡ್ರೆ ಅದು ಅದೃಷ್ಟ ಅಷ್ಟೇ.

ಮೊದ್ಲು ಹೆಸರುಗಳನ್ನ ಸರಿ ಮಾಡ್ಕೊಳ್ಳೋಣ. ಕಾರ್ಬೊರೇಟರ್ ಪಕ್ಕದಲ್ಲಿ ಪೆಟ್ರೋಲ್ ನಿಲ್ಲೋ ಚಿಕ್ಕ ಬಟ್ಟಲಿಗೆ ಫ್ಲೋಟ್ ಬೌಲ್ ಅಂತೀವಿ. ಅದ್ರೊಳಗೆ ತೇಲೋದು ಫ್ಲೋಟ್, ಹಿತ್ತಾಳೆದೋ ನೈಲಾನ್‌ದೋ ಇರತ್ತೆ. ಮುಚ್ಚಳದಲ್ಲಿ ಪೆಟ್ರೋಲ್ ಒಳಗೆ ಬರೋ ತೂತಿರೋ ಬಿಡಿಭಾಗ ಸೀಟ್, ಆ ತೂತನ್ನ ಮುಚ್ಚೋ ಮೊನೆ ನೀಡಲ್, ಎರಡೂ ಸೇರಿದ್ರೆ ನೀಡಲ್ ವಾಲ್ವ್. ನೀಡಲ್ಲನ್ನ ಒತ್ತೋ ಫ್ಲೋಟ್ ಕೈಯ ಚಿಕ್ಕ ಲೋಹದ ತುಂಡನ್ನ ಇಲ್ಲಿ ನಾಲಿಗೆ ಅಂತ ಕರೀತೀನಿ. ಮನೆ ಮೇಲಿನ ಟ್ಯಾಂಕಲ್ಲಿ ಬಾಲ್ ವಾಲ್ವ್ ಹೇಗೋ ಹಾಗೇ, ಬೌಲ್ ತುಂಬ್ತಾ ಫ್ಲೋಟ್ ಮೇಲೇಳತ್ತೆ, ನೀಡಲ್ ಸೀಟಿಗೆ ಒತ್ಕೊಳ್ಳತ್ತೆ, ಪೆಟ್ರೋಲ್ ನಿಲ್ಲತ್ತೆ. ಕೆಲವು ಗ್ಯಾರೇಜಲ್ಲಿ ಈ ನೀಡಲ್ಲಿಗೆ ಫ್ಲೋಟ್ ಪಿನ್ ಅಂತಾರೆ, ಆದ್ರೆ ಫ್ಲೋಟ್ ತೂಗಾಡೋ ಅಡ್ಡ ಕಡ್ಡಿಗೂ ಅದೇ ಹೆಸರು, ಹಂಗಾಗಿ ಅಂಗಡಿಗೆ ಹೋಗುವಾಗ ಹಳೇದನ್ನ ಜೇಬಲ್ಲಿ ಹಾಕ್ಕೊಂಡೇ ಹೋಗಿ.

ಬೇಕಾಗೋ ಸಾಮಾನು ಜಾಸ್ತಿ ಏನಿಲ್ಲ. ವರ್ನಿಯರ್ ಕ್ಯಾಲಿಪರ್, 1 ರಿಂದ 3 ಮಿ.ಮೀ. ತನಕದ ಡ್ರಿಲ್ ಬಿಟ್ ಸೆಟ್, 0 ಯಿಂದ 15 ಪಿಎಸ್‌ಐ ತೋರಿಸೋ ಚಿಕ್ಕ ಪ್ರೆಷರ್ ಗೇಜು ಜೊತೆಗೊಂದು ಟಿ ಜಾಯಿಂಟು, ಪೆಟ್ರೋಲ್ ತಡೆಯೋ ಪಾರದರ್ಶಕ ಟ್ಯೂಬು, ದೊಡ್ಡ ಸಿರಿಂಜು, ಸೀಟಿಗೆ ಸರಿಯಾಗಿ ಕೂರೋ ರಿಂಗ್ ಸ್ಪ್ಯಾನರ್ ಅಥ್ವಾ ಬಾಕ್ಸ್ ಸ್ಪ್ಯಾನರ್, ಒಂದು ಭೂತಗನ್ನಡಿ. ಪಿಎಸ್‌ಐ ಅಂದ್ರೆ ಟೈರಿಗೆ ಗಾಳಿ ಹಿಡಿಸುವಾಗ ಹೇಳ್ತೀರಲ್ಲ ಅದೇ ಅಳತೆ. ಕೆಲಸ ಬಯಲಲ್ಲಿ ಮಾಡಿ, ಇಂಜಿನ್ ಓಡಿಸಿ ನೋಡೋ ಹೊತ್ತು ಬಿಟ್ಟು ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿಡಿ, ಬೆಂಕಿ ಆರಿಸೋ ಸಿಲಿಂಡರ್ ಅಥ್ವಾ ಒಂದು ಬಕೆಟ್ ಮರಳು ಕೈಗೆ ಸಿಗೋ ಹಾಗಿರ್ಲಿ, ಬೀಡಿ ಸಿಗರೇಟು ಹತ್ರಕ್ಕೂ ಬರೋದು ಬೇಡ. ವಾಲ್ವ್ ಹಿಡೀತಿದ್ಯಾ ಅಂತ ಬಾಯಲ್ಲಿ ಊದಿ ಎಳ್ದು ನೋಡೋ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಪೆಟ್ರೋಲ್ ಶ್ವಾಸಕೋಶಕ್ಕೆ ಹೋದ್ರೆ ಆಸ್ಪತ್ರೆ ಸೇರ್ಬೇಕಾಗತ್ತೆ, ಅದಕ್ಕೇ ಸಿರಿಂಜು ಇಟ್ಕೊಳ್ಳಿ ಅಂದಿದ್ದು.

ಹಂತ 1: ತಪ್ಪು ವಾಲ್ವ್‌ದೇನಾ ಅಂತ ನೋಡಿ

ಓವರ್‌ಫ್ಲೋ ಅಂದ ಕೂಡ್ಲೇ ನೀಡಲ್ ಮೇಲೆ ಗೂಬೆ ಕೂರಿಸ್ತಾರೆ, ಆದ್ರೆ ಹೊಸ ವಾಲ್ವ್ ಹಾಕಿದ್ಮೇಲೂ ಸೋರ್ತಿದೆ ಅಂದ್ರೆ ಕಾರಣ ಬಹುಪಾಲು ಬೇರೆ ಕಡೆ ಇರತ್ತೆ.

ಫ್ಲೋಟನ್ನ ಕಿವಿ ಹತ್ರ ಹಿಡ್ದು ಅಲ್ಲಾಡಿಸಿ, ಒಳಗೆ ಕುಲುಕಿದ ಸದ್ದು ಬಂದ್ರೆ ತೂತಾಗಿದೆ. ಸದ್ದಿಲ್ಲ ಅಂದ್ರೂ ಕೈ ಇಡೋಕಾಗದಷ್ಟು ಬಿಸಿ ಇರೋ ನೀರಲ್ಲಿ ಪೂರ್ತಿ ಮುಳುಗಿಸಿ ನೋಡಿ, ನೀರು ಕುದೀಬಾರ್ದು, ಹಿತ್ತಾಳೆ ಫ್ಲೋಟಲ್ಲಿ ಕೂದಲೆಳೆಯಷ್ಟು ಬಿರುಕಿದ್ರೂ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಹೊರಗೆ ಬರತ್ತೆ. ಸ್ಟೌ ಆಫ್ ಮಾಡಿ ನೀರನ್ನ ಹೊರಗೆ ತಂದು ಮಾಡಿ. ತೂತು ಫ್ಲೋಟಿಗೆ ಸೋಲ್ಡರ್ ಹಾಕಿಸೋದಾದ್ರೆ ಒಳಗಿನ ಪೆಟ್ರೋಲ್ ಪೂರ್ತಿ ಆರಿ ಹೋಗಿರ್ಬೇಕು, ಕರೆಂಟಿನ ಸೋಲ್ಡರಿಂಗ್ ಐರನ್ ಬಿಟ್ಟು ಬೇರೇನೂ ಬೇಡ, ಬ್ಲೋ ಲ್ಯಾಂಪು ಹಿಡಿದ್ರೆ ಸಿಡಿಯತ್ತೆ. ಸೀಸ ಎಷ್ಟು ಕಮ್ಮಿ ಹಾಕಿದ್ರೆ ಅಷ್ಟು ಒಳ್ಳೇದು, ಯಾಕಂದ್ರೆ ಫ್ಲೋಟ್ ಭಾರ ಆದಷ್ಟೂ ಜಾಸ್ತಿ ಮುಳುಗತ್ತೆ, ಬೌಲಿನ ಲೆವೆಲ್ ಅಷ್ಟೇ ಮೇಲೆ ಹೋಗತ್ತೆ. ಹೊಸ ಫ್ಲೋಟ್ ಸಿಕ್ಕಿದ್ರೆ ಅದೇ ವಾಸಿ.

ಆಮೇಲೆ ನಾಲಿಗೆ. ನೀಡಲ್ಲಿನ ಹಿಂಭಾಗ ವರ್ಷಾನುಗಟ್ಲೆ ಒಂದೇ ಜಾಗಕ್ಕೆ ತಾಗಿ ತಾಗಿ ಅಲ್ಲೊಂದು ಕುಳಿ ಬಿದ್ದಿರತ್ತೆ, ನೀಡಲ್ ಆ ಕುಳಿಗೆ ಸಿಕ್ಕಿ ಓರೆ ಆಗತ್ತೆ, ಓರೆ ಆದ್ರೆ ಎಂಥಾ ಒಳ್ಳೇ ವಾಲ್ವೂ ಮುಚ್ಚಲ್ಲ. 600 ನಂಬರಿನ ಎಮರಿ ಪೇಪರಲ್ಲಿ ನುಣ್ಣಗೆ ಮಾಡಿ. ಫ್ಲೋಟ್ ತೂಗೋ ಕಡ್ಡಿ ಸವೆದು ಅಡ್ಡಡ್ಡ ಆಡ್ತಿದ್ರೂ ಇದೇ ಕಥೆ.

ಇನ್ನೊಂದು ಮುಖ್ಯವಾದ್ದು. ಗಾಡಿ ಓಡ್ತಿರುವಾಗ ಎಲ್ಲಾ ಸರಿ ಇದೆ, ಏಪ್ರಿಲ್ ಬಿಸಿಲಲ್ಲಿ ಹೈವೇ ಓಡಿಸಿ ಮಂಡ್ಯದಲ್ಲಿ ತಿಂಡಿಗೆ ನಿಲ್ಲಿಸಿ ವಾಪಸ್ ಬಂದ್ರೆ ಪೆಟ್ರೋಲ್ ವಾಸನೆ, ಸ್ಟಾರ್ಟ್ ಆಗಲ್ಲ, ಹೀಗಾಗ್ತಿದ್ರೆ ಅದು ವಾಲ್ವ್ ಸಮಸ್ಯೆ ಅಲ್ಲ. ಇಂಜಿನ್ ಆಫ್ ಮಾಡಿದ್ಮೇಲೆ ಗಾಳಿ ಓಡಾಟ ನಿಂತು ಬಿಸಿ ಪೂರ್ತಿ ಕಾರ್ಬೊರೇಟರ್‌ಗೆ ಏರತ್ತೆ, ಬೌಲಲ್ಲಿರೋ ಪೆಟ್ರೋಲ್ ಕುದ್ದು ಜೆಟ್, ಅಂದ್ರೆ ಪೆಟ್ರೋಲನ್ನ ಅಳೆದು ಬಿಡೋ ಸಣ್ಣ ತೂತು, ಅದರ ದಾರೀಲಿ ಇಂಜಿನ್ನಿಗೆ ಇಳಿಯತ್ತೆ. ಅದಕ್ಕೆ ಮ್ಯಾನಿಫೋಲ್ಡಿಗೂ (ಇಂಜಿನ್ನಿಗೆ ಗಾಳಿ ಪೆಟ್ರೋಲ್ ಹೋಗೋ ಕೊಳವೆ) ಕಾರ್ಬೊರೇಟರಿಗೂ ಮಧ್ಯೆ ಬಿಸಿ ತಡೆಯೋಕೆ ಇರೋ ಬೇಕಲೈಟ್ ಸ್ಪೇಸರ್ ಇದ್ಯಾ, ಒಡೆದಿದ್ಯಾ ನೋಡಿ. ಇಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ್ಲೇ ಕಾರ್ಬೊರೇಟರ್ ಗಂಟಲಲ್ಲಿ ಪೆಟ್ರೋಲ್ ಬರೋ ನಳಿಕೆಯಿಂದ ತೊಟ್ಟಿಕ್ಕೋದು, ಬೌಲ್ ಪಕ್ಕ ಒದ್ದೆ, ಪ್ಲಗ್ಗು ಕರೀ ಮಸಿ, ಇಂಜಿನ್ ಆಯಿಲ್ಲಿನಲ್ಲಿ ಪೆಟ್ರೋಲ್ ವಾಸನೆ, ಇವು ಕಂಡ್ರೆ ಮುಂದಿನ ಹಂತಕ್ಕೆ ಬನ್ನಿ. ಆಯಿಲ್ಲಿಗೆ ಪೆಟ್ರೋಲ್ ಸೇರಿದ್ರೆ ಆ ಆಯಿಲ್ಲಲ್ಲಿ ಗಾಡಿ ಓಡಿಸ್ಬೇಡಿ, ಬೇರಿಂಗ್ ಹೋಗತ್ತೆ.

ಹಂತ 2: ಪಂಪಿನ ಪ್ರೆಷರ್ ಅಳೀರಿ

ಈ ಹಂತನ ಯಾರೂ ಮಾಡಲ್ಲ, ಆದ್ರೆ ಇದೇ ಎಲ್ಲಕ್ಕಿಂತ ಮುಖ್ಯ. ಪಂಪಿನಿಂದ, ಮೆಕ್ಯಾನಿಕ್ಕುಗಳು ಕಂಪನಿ ಹೆಸರಲ್ಲಿ ಏಸಿ ಪಂಪು ಅಂತಾರಲ್ಲ ಅದರಿಂದ, ಕಾರ್ಬೊರೇಟರ್‌ಗೆ ಬರೋ ಪೈಪಿಗೆ ಟಿ ಹಾಕಿ ಗೇಜು ಕೂರಿಸಿ. ಐಡ್ಲಿಂಗಲ್ಲಿ ಒಂದ್ಸಲ, ರೇಸ್ ಕೊಟ್ಟು 2000 ಆರ್‌ಪಿಎಂ ಆಸುಪಾಸಲ್ಲಿ ಒಂದ್ಸಲ ನೋಡಿ. ಈ ಚಿಕ್ಕ ನಾಲ್ಕು ಸಿಲಿಂಡರ್ ಕಾರುಗಳ ಡಯಾಫ್ರಾಮ್ (ಮೇಲೆ ಕೆಳಗೆ ಆಡೋ ಪೊರೆ) ಪಂಪುಗಳು ಸಾಮಾನ್ಯವಾಗಿ 2 ರಿಂದ 3.5 ಪಿಎಸ್‌ಐ ಒಳಗೇ ಕೊಡತ್ವೆ. ದೊಡ್ಡ ಅಮೆರಿಕನ್ ವಿ8 ಕಾರುಗಳಲ್ಲಿ 5 ರಿಂದ 7 ಇರತ್ತೆ, ಅವುಗಳ ಕಾರ್ಬೊರೇಟರ್ ಅದಕ್ಕೆ ತಕ್ಕಂತೆ ಮಾಡಿರೋದು.

ನಿಮ್ಮ ಗೇಜು 4 ದಾಟಿದ್ರೆ ವಾಲ್ವ್ ತರೋಕೆ ಹೋಗೋ ಮುಂಚೆ ಪಂಪ್ ಸರಿ ಮಾಡಿ. ಪಂಪ್ ರಿಪೇರಿ ಕಿಟ್ಟಲ್ಲಿ ಬಂದ ಡಯಾಫ್ರಾಮ್ ಸ್ಪ್ರಿಂಗು ಗಟ್ಟಿ ಇರ್ಬೋದು, ಮೆಕ್ಯಾನಿಕಲ್ ಪಂಪಲ್ಲಿ ಪ್ರೆಷರ್ ತೀರ್ಮಾನ ಮಾಡೋದೇ ಆ ಸ್ಪ್ರಿಂಗು. ಅಥ್ವಾ ಹಿಂದಿನ ಓನರ್ ಎಲೆಕ್ಟ್ರಿಕ್ ಪಂಪು ಹಾಕ್ಸಿರ್ತಾರೆ, ಮಾರ್ಕೆಟ್ಟಲ್ಲಿ ಸಿಗೋ ಎಷ್ಟೋ ಎಲೆಕ್ಟ್ರಿಕ್ ಪಂಪು 4 ರಿಂದ 7 ಪಿಎಸ್‌ಐ ಕೊಡತ್ವೆ, ಅದನ್ನ ಪದ್ಮಿನಿಯ ಸೋಲೆಕ್ಸ್ ಕಂಪನಿ ಕಾರ್ಬೊರೇಟರ್‌ಗೋ ಎಸ್‌ಯು ಕಂಪನಿ ಕಾರ್ಬೊರೇಟರ್‌ಗೋ ನೇರವಾಗಿ ಕೊಟ್ರೆ ಫ್ಲೋಟ್ ತಡೆಯಲ್ಲ. ಅಂಥಾ ಕಡೆ ಪ್ರೆಷರ್ ರೆಗ್ಯುಲೇಟರ್ ಬೇಕೇ ಬೇಕು.

ಹಂತ 3: ಹಳೇ ವಾಲ್ವ್ ಬಿಚ್ಚಿ ಅಳತೆ ಬರೆದಿಟ್ಕೊಳ್ಳಿ

ಸೀಟಿನ ಹೊರಮೈ ಮೇಲೆ ಭೂತಗನ್ನಡಿ ಹಿಡಿದ್ರೆ ನಂಬರ್ ಕಾಣತ್ತೆ. ಸೋಲೆಕ್ಸ್‌ನಲ್ಲಿ 1.5, 2.0 ಅಂತ ಮಿಲಿಮೀಟರಲ್ಲೇ ಇರತ್ತೆ, ವೆಬರ್‌ನಲ್ಲಿ 150, 175 ಅಂತಿದ್ರೆ ಅದು 1.50, 1.75 ಮಿ.ಮೀ. ಅಮೆರಿಕನ್ ಕಾರ್ಬೊರೇಟರ್‌ಗಳಲ್ಲಿ ಇಂಚಿನ ಸಾವಿರದ ಒಂದು ಭಾಗದ ಲೆಕ್ಕ, ಹೋಲಿ ಕಾರ್ಬೊರೇಟರಲ್ಲಿ 97 ಅಂದ್ರೆ 0.097 ಇಂಚು, ಹತ್ರ ಹತ್ರ 2.46 ಮಿ.ಮೀ. ನಂಬರ್ ಅಳಿಸಿಹೋಗಿದ್ರೆ ಡ್ರಿಲ್ ಬಿಟ್ಟಿನ ಹಿಂಬದಿ, ನುಣ್ಣಗಿರೋ ಭಾಗ, ತೂತಿಗೆ ಮೆಲ್ಲಗೆ ತೂರಿಸಿ ನೋಡಿ, ಸಡಿಲ ಇಲ್ದೆ ಹೋಗೋ ಬಿಟ್ಟೇ ನಿಮ್ಮ ಸೈಜು. ಚೂಪಾದ ಕಡೆಯಿಂದ ಅಳೀಬೇಡಿ, ಸೀಟಿನ ಅಂಚಿಗೆ ಗೀರು ಬಿದ್ರೆ ಮುಗೀತು.

ಬರೆದಿಟ್ಕೊಳ್ಳೋದು ಇಷ್ಟು: ತೂತಿನ ಸೈಜು, ಥ್ರೆಡ್ಡು, ನೀಡಲ್ಲನ್ನ ಸೀಟೊಳಗೆ ಇಟ್ಟಾಗ ಒಟ್ಟು ಉದ್ದ, ಮತ್ತೆ ಕೆಳಗಿದ್ದ ವಾಷರ್ ದಪ್ಪ. ವಾಷರ್ ದಪ್ಪ ಯಾಕೆ ಅಂತೀರಾ, ಫ್ಲೋಟ್ ಕೈಯಲ್ಲಿ ಮಧ್ಯದ ಕಡ್ಡಿಯಿಂದ ನೀಡಲ್ ತನಕದ ದೂರಕ್ಕಿಂತ ಫ್ಲೋಟ್ ತನಕದ ದೂರ ಮೂರರಷ್ಟು ಇದ್ರೆ, ವಾಷರ್ 1 ಮಿ.ಮೀ. ವ್ಯತ್ಯಾಸ ಆದ್ರೂ ಫ್ಲೋಟ್ 3 ಮಿ.ಮೀ. ಹತ್ರ ಏರುಪೇರಾಗತ್ತೆ. ಕಿಟ್ಟಲ್ಲಿ ಬಂದ ವಾಷರ್ ಕಣ್ಮುಚ್ಚಿ ಹಾಕಿ ಲೆವೆಲ್ ಕೆಡಿಸ್ಕೊಂಡು ನೀಡಲ್ ಕೆಟ್ಟದು ಅಂತ ಬೈಯೋದು ತುಂಬಾ ಕಾಮನ್.

ಹಂತ 4: ತೂತು ದೊಡ್ಡದು ಬೇಕಾ ಚಿಕ್ಕದು ಬೇಕಾ

ದೊಡ್ಡ ತೂತಿನ ವಾಲ್ವ್ ಹಾಕಿದ್ರೆ ಪಿಕಪ್ ಬರತ್ತೆ ಅನ್ನೋ ನಂಬಿಕೆ ಎಲ್ಲಿಂದ ಬಂತೋ, ತುಂಬಾ ಗಟ್ಟಿಯಾಗಿ ಕೂತಿದೆ. ಒಂದು ಲೆಕ್ಕ ಹಾಕೋಣ ಬನ್ನಿ, ಕಷ್ಟದ್ದೇನಲ್ಲ.

ಪದ್ಮಿನಿಯ 1089 ಸಿಸಿ ಇಂಜಿನ್ನು ಸುಮಾರು 40 ಎಚ್‌ಪಿದು ಅಂತ ಇಟ್ಕೊಳ್ಳಿ. ಆ ಕಾಲದ ಇಂಜಿನ್ನು ಪೂರ್ತಿ ಆಕ್ಸಿಲರೇಟರ್ ತುಳಿದಾಗ ಒಂದು ಎಚ್‌ಪಿಗೆ ಗಂಟೆಗೆ ಅಂದಾಜು 250 ಗ್ರಾಂ ಪೆಟ್ರೋಲ್ ಸುಡತ್ತೆ. ಅಲ್ಲಿಗೆ ಗಂಟೆಗೆ 10 ಕೆಜಿ, ಲೀಟರ್ ಲೆಕ್ಕದಲ್ಲಿ ಹದಿಮೂರೂವರೆ, ಅಂದ್ರೆ ನಿಮಿಷಕ್ಕೆ 225 ಎಂಎಲ್. ಅಂಬಾಸಿಡರ್‌ನ 1489 ಸಿಸಿ ಇಂಜಿನ್ನು 50 ಎಚ್‌ಪಿ ಅಂದ್ಕೊಂಡ್ರೆ 280 ಎಂಎಲ್. ಈಗ 1.5 ಮಿ.ಮೀ. ತೂತಿನಲ್ಲಿ 3 ಪಿಎಸ್‌ಐ ಪ್ರೆಷರಿಗೆ, ವಾಲ್ವ್ ಪೂರ್ತಿ ತೆರೆದಿದ್ರೆ, ನಿಮಿಷಕ್ಕೆ 450 ಎಂಎಲ್ ಮೇಲೇ ಹರಿಯತ್ತೆ. ಪದ್ಮಿನಿಗೆ ಬೇಕಾದ್ದರ ಎರಡರಷ್ಟು! ಅದೂ ಇಂಜಿನ್ ಪೂರ್ತಿ ಶಕ್ತಿ ಹಾಕಿ ಓಡುವಾಗ, ಮೈಸೂರು ಪೇಟೆ ಒಳಗೆ ಓಡಾಡುವಾಗ ಇದರ ಕಾಲುಭಾಗನೂ ಬೇಕಾಗಲ್ಲ. ಇಂಜಿನ್ ಎಷ್ಟು ಎಳ್ಕೊಳ್ಳತ್ತೆ ಅನ್ನೋದು ಜೆಟ್ಟಿನ ಕೈಲಿದೆ, ನೀಡಲ್ ವಾಲ್ವ್ ಕೆಲಸ ಬೌಲನ್ನ ಒಂದೇ ಮಟ್ಟದಲ್ಲಿ ತುಂಬಿಡೋದು. ಬೌಲ್ ಖಾಲಿ ಆಗ್ತಿಲ್ಲ ಅಂದ್ಮೇಲೆ ತೂತು ದೊಡ್ಡದು ಮಾಡಿ ಒಂದು ಎಚ್‌ಪಿನೂ ಜಾಸ್ತಿ ಬರಲ್ಲ.

ದೊಡ್ಡದು ಹಾಕಿದ್ರೆ ತೊಂದ್ರೆ ಏನು ಅಂದ್ರೆ, ಮುಚ್ಚಿರೋ ನೀಡಲ್ ಮೇಲೆ ಪಂಪಿನ ಪ್ರೆಷರ್ ಕೂತಿರತ್ತೆ, ಆ ಒತ್ತಡ ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ ಏರತ್ತೆ. 3 ಪಿಎಸ್‌ಐಗೆ 1.5 ಮಿ.ಮೀ. ತೂತಿನಲ್ಲಿ ನೀಡಲ್ಲನ್ನ ಕೆಳಗೆ ತಳ್ಳೋ ಬಲ 3.7 ಗ್ರಾಂ ತೂಕದಷ್ಟು, 2.0 ಮಿ.ಮೀ. ಆದ್ರೆ 6.6 ಗ್ರಾಂ. ಅರ್ಧ ಮಿಲಿಮೀಟರ್ ದಪ್ಪಕ್ಕೆ ಬಲ 1.78 ಪಟ್ಟು! ಈ ಬಲನ ಎದುರಿಸೋದು ಪಾಪ ಅದೇ ಹಳೇ ಫ್ಲೋಟ್, ಇನ್ನೂ ಸ್ವಲ್ಪ ಮುಳುಗಿದ್ರೇನೇ ಅದಕ್ಕೆ ಜಾಸ್ತಿ ಬಲ ಸಿಗೋದು, ಮುಳುಗ್ಬೇಕು ಅಂದ್ರೆ ಪೆಟ್ರೋಲ್ ಮೇಲೆ ಬರ್ಬೇಕು. ಕೈ ಮೂರರಷ್ಟು ಉದ್ದ ಇರೋ ಸಾಧಾರಣ ಫ್ಲೋಟಲ್ಲಿ ಇದ್ರಿಂದಾನೇ ಲೆವೆಲ್ 1 ಮಿ.ಮೀ. ಮೇಲೆ ಏರತ್ತೆ. ಅದೇ 2.0 ವಾಲ್ವಿಗೆ 3 ಪಿಎಸ್‌ಐ ಬದ್ಲು 6 ಪಿಎಸ್‌ಐ ಎಲೆಕ್ಟ್ರಿಕ್ ಪಂಪು ಕೊಟ್ರೆ ಬಲ 13 ಗ್ರಾಂ ದಾಟತ್ತೆ, ಲೆವೆಲ್ ಇನ್ನೂ 3 ಮಿ.ಮೀ. ಹತ್ರ ಏರತ್ತೆ, ಅಲ್ಲಿಗೆ ಜೆಟ್ಟಿನ ನಳಿಕೆಯಿಂದ ತೊಟ್ಟಿಕ್ಕೋಕೆ ಶುರು.

ಹಂಗಾಗಿ ನಾನು ಹೇಳೋದು ಇಷ್ಟು. ಕಾರ್ಬೊರೇಟರ್ ಮಾಡಿದೋರು ಕೊಟ್ಟಿದ್ದ ಸೈಜೇ ಹಾಕಿ. ಅದು ಸಿಗ್ಲಿಲ್ಲ ಅಂದ್ರೆ ಮತ್ತೆ ಇಂಜಿನ್ನು ಚಿಕ್ಕದಿದ್ರೆ, ಒಂದು ಸೈಜು ಕಮ್ಮಿದು ಹಾಕಿ, ಆದ್ರೆ 1.2 ಗಿಂತ ಕೆಳಗೆ ಇಳೀಬೇಡಿ, ಅಷ್ಟು ಚಿಕ್ಕ ತೂತು ಕಸಕ್ಕೆ ಬೇಗ ಕಟ್ಕೊಳ್ಳತ್ತೆ, 1.2 ರಲ್ಲೇ ಹರಿಯೋದು 1.5 ರ ಮೂರರಲ್ಲಿ ಎರಡು ಭಾಗ ಅಷ್ಟೇ. ದೊಡ್ಡದಕ್ಕೆ ಹೋಗೋದು ಒಂದೇ ಸಂದರ್ಭದಲ್ಲಿ: ಇಂಜಿನ್ ನಿಜವಾಗ್ಲೂ ಹಸಿವಿನಿಂದ ಸಾಯ್ತಿದೆ, ಪಂಪು ಫಿಲ್ಟರ್ರು ಪೈಪು ಎಲ್ಲಾ ಸರಿ ಇದೆ ಅಂತ ಅಳೆದು ನೋಡಿದ್ದಾಗಿದೆ.

ಹಂತ 5: ಮೆಟೀರಿಯಲ್

ಇಲ್ಲಿ ಕಾಲ ಬದಲಾಗಿದೆ. 2023 ರ ಫೆಬ್ರವರಿ 6 ಕ್ಕೆ ಬೆಂಗಳೂರಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯ್ತು, ಈಗ ಬಂಕಿಗೆ ಹೋದ್ರೆ ಸಿಗೋದು ಅದೇ. ನೂರಲ್ಲಿ 20 ಭಾಗ ಎಥನಾಲ್, ಅಂದ್ರೆ ಸಕ್ಕರೆ ಕಾರ್ಖಾನೆ ಕಾಕಂಬಿ, ಕಬ್ಬಿನ ಹಾಲು, ಧಾನ್ಯದಿಂದ ಮಾಡೋ ಮದ್ಯಸಾರ. ಕಬ್ಬು ಬೆಳೆಯೋ ಮಂಡ್ಯದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಹಳೇ ಕಾರಿಗೆ ಇದ್ರಿಂದ ಆಗೋದು ಏನಂದ್ರೆ, ಮಾಮೂಲಿ ರಬ್ಬರ್ ಊದ್ಕೊಳ್ಳತ್ತೆ ಇಲ್ಲಾ ಬಿರುಕು ಬಿಡತ್ತೆ, ಟ್ಯಾಂಕಲ್ಲಿ ದಶಕಗಳಿಂದ ಅಂಟಿದ್ದ ಗೋಂದು ಕೊಳೆ ಬಿಟ್ಕೊಂಡು ನೇರ ನೀಡಲ್ಲಿಗೆ ಬಂದು ಕೂರತ್ತೆ, ಎಥನಾಲ್ ಗಾಳಿಯಲ್ಲಿರೋ ನೀರನ್ನ ಎಳ್ಕೊಳ್ಳೋದ್ರಿಂದ ತಿಂಗಳುಗಟ್ಲೆ ನಿಲ್ಲಿಸಿದ ಗಾಡಿಯ ಬೌಲಲ್ಲಿ ಬಿಳೀ ಪುಡಿ ಕಟ್ಟತ್ತೆ. ತುಂಬಾ ಹಳೇ ಗಾಡಿಗಳ ಬೆಂಡಿನ (ಕಾರ್ಕ್) ಫ್ಲೋಟಿಗೆ ಅರಗಿನ ಲೇಪ ಇದ್ರೆ ಅದು ಮದ್ಯಸಾರದಲ್ಲಿ ಕರಗಿಹೋಗತ್ತೆ, ಅದನ್ನ ಉಳಿಸ್ಕೊಳ್ಳೋ ಪ್ರಯತ್ನ ಬೇಡ, ಬದಲಾಯಿಸಿ.

ಬರೀ ಲೋಹದ್ದು, ಅಂದ್ರೆ ಸ್ಟೀಲ್ ನೀಡಲ್ ಹಿತ್ತಾಳೆ ಸೀಟು: ಎಥನಾಲಿಗೆ ಜಗ್ಗಲ್ಲ, ಊದಲ್ಲ, ವರ್ಷಗಟ್ಲೆ ನಿಂತ ಗಾಡಿಯಲ್ಲೂ ಅಂಟ್ಕೊಳ್ಳೋದು ಕಮ್ಮಿ. ಆದ್ರೆ ಒಂದು ಮರಳಿನ ಕಣ ಸಿಕ್ಕಿದ್ರೂ ಸೋರತ್ತೆ, ಮೊನೆ ಸುತ್ತ ಸವೆದ ಉಂಗುರದ ಗುರುತು ಬಿದ್ರೆ ಮತ್ತೆ ಹಿಡಿಯಲ್ಲ. ಹಿತ್ತಾಳೆ ನೀಡಲ್ ಆದ್ರೆ ಇನ್ನೂ ಬೇಗ ಸವೆಯತ್ತೆ.

ವೈಟಾನ್ ತುದಿಯದು: ವೈಟಾನ್ ಅಂದ್ರೆ ಪೆಟ್ರೋಲ್ ಎಥನಾಲ್ ಎರಡನ್ನೂ ತಡೆಯೋ ಫ್ಲೋರಿನ್ ಇರೋ ರಬ್ಬರ್ರು. ತುದಿ ಮೆತ್ತಗಿರೋದ್ರಿಂದ ಚೂರುಪಾರು ಕಸ ಇದ್ರೂ ಮುಚ್ಕೊಳ್ಳತ್ತೆ. ವಾರಕ್ಕೆ ಒಂದೆರಡು ಸಲನಾದ್ರೂ ಓಡೋ ಪದ್ಮಿನಿ ಅಂಬಾಸಿಡರ್‌ಗೆ ನನ್ನ ಮೊದಲ ಆಯ್ಕೆ ಇದೇ. ಇದಕ್ಕಿರೋ ಶತ್ರು ಒಬ್ಬನೇ, ಥಿನ್ನರ್! ಗ್ಯಾರೇಜಲ್ಲಿ ಕಾರ್ಬೊರೇಟರ್ ತೊಳೆಯೋದು ಪೇಂಟ್ ಥಿನ್ನರಲ್ಲೋ ಕಾರ್ಬ್ ಕ್ಲೀನರ್ ಸ್ಪ್ರೇಯಲ್ಲೋ, ಅವುಗಳಲ್ಲಿರೋ ಅಸಿಟೋನ್ ಜಾತಿಯ ದ್ರಾವಣಗಳಿಗೆ ವೈಟಾನ್ ಊದ್ಕೊಳ್ಳತ್ತೆ. ಹೊಸ ವೈಟಾನ್ ನೀಡಲ್ ಹಾಕಿ ಆಮೇಲೆ ಮುಚ್ಚಳ ಥಿನ್ನರಲ್ಲಿ ಅದ್ದಿದ್ರೆ ಪೆಟ್ರೋಲ್ ಮೇಲೆ ಗೂಬೆ ಕೂರಿಸಿ ಪ್ರಯೋಜನ ಇಲ್ಲ. ತೊಳೆಯೋದೆಲ್ಲಾ ಮುಗಿದು ಒಣಗಿದ್ಮೇಲೆ ನೀಡಲ್ ಹಾಕಿ. ತುಂಬಾ ದಿನ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ತುದಿ ಸೀಟಿಗೆ ಅಂಟ್ಕೊಂಡು ಬೌಲೇ ತುಂಬ್ದೆ ಇರೋದೂ ಉಂಟು, ಬೌಲ್ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದ್ರೆ ಬಿಟ್ಕೊಳ್ಳತ್ತೆ.

ಕಪ್ಪು ನೈಟ್ರೈಲ್ ರಬ್ಬರ್ ತುದಿಯದು: ಇ20 ಗೆ ಬೇಡ. ನೋಡೋಕೆ ವೈಟಾನ್ ಥರಾನೇ ಇರತ್ತೆ, ಬಣ್ಣ ನೋಡಿ ಗುರುತಿಸೋಕೆ ಆಗಲ್ಲ.

ಗುಂಡಿನ ವಾಲ್ವ್: ನೀಡಲ್ ಬದಲು ಒಳಗೆ ಚಿಕ್ಕ ಸ್ಟೀಲ್ ಗುಂಡುಗಳು ಇರೋ ಗ್ರೋಸ್ ಜೆಟ್ ಅನ್ನೋದು ಎಸ್‌ಯು ಕಾರ್ಬೊರೇಟರ್ ಇರೋರಿಗೆ ಗೊತ್ತಿರತ್ತೆ. ಹೊಗಳೋರೂ ಇದ್ದಾರೆ, ಸೋರತ್ತೆ ಅಂತ ಕಿತ್ತು ಎಸೆದೋರೂ ಇದ್ದಾರೆ. ಒಳ್ಳೇ ವೈಟಾನ್ ಸಿಗುವಾಗ ನಾನು ಆ ಕಡೆ ಹೋಗಲ್ಲ.

ಸ್ಪ್ರಿಂಗ್ ಇರೋ ನೀಡಲ್ ಬಗ್ಗೆನೂ ಕೇಳ್ತೀರ. ನೀಡಲ್ ಹಿಂಭಾಗದಲ್ಲಿ ಚಿಕ್ಕ ಪಿನ್ನು ಒಳಗೆ ಹೊರಗೆ ಆಡತ್ತೆ, ಗುಂಡಿ ಬಿದ್ದ ರೋಡಲ್ಲಿ ಫ್ಲೋಟ್ ಕುಣಿದ್ರೂ ಮೊನೆ ಸೀಟು ಬಿಟ್ಟು ಏಳ್ದಿರ್ಲಿ ಅಂತ ಅದನ್ನ ಇಟ್ಟಿರೋದು. ಹಳ್ಳಿ ರೋಡಲ್ಲಿ ಓಡೋ ಜೀಪಿಗೆ ತುಂಬಾ ಒಳ್ಳೇದು.

ಹಂತ 6: ಅಂಗಡಿಯಲ್ಲಿ

ಮೈಸೂರಲ್ಲಿ ಹಳೇ ಸ್ಪೇರ್ ಅಂಗಡಿಗಳಲ್ಲಿ ಕೇಳಿ, ಸಿಗ್ಲಿಲ್ಲ ಅಂದ್ರೆ ಬೆಂಗಳೂರಿನ ಜೆ.ಸಿ. ರೋಡು. ಹಳೇ ಸ್ಟಾಕಿನ ಪೆಟ್ಟಿಗೆ ಅಂತ ಮೋಹಕ್ಕೆ ಬೀಳ್ಬೇಡಿ, ಅದು ರಬ್ಬರ್ ತುದಿಯದಾಗಿದ್ರೆ ಮಾಡುವಾಗ ಎಥನಾಲ್ ಯಾರ ಮನಸ್ಸಲ್ಲೂ ಇರ್ಲಿಲ್ಲ. ಬರೀ ಲೋಹದ ಹಳೇ ಸ್ಟಾಕ್ ಸಿಕ್ಕಿದ್ರೆ ಮಾತ್ರ ಧಾರಾಳವಾಗಿ ತಗೊಳ್ಳಿ. ಅಲ್ಲೇ ವರ್ನಿಯರ್ ತೆಗೆದು ಉದ್ದ ಅಳೀರಿ, ತೂತಿಗೆ ಡ್ರಿಲ್ ಬಿಟ್ಟಿನ ಹಿಂಬದಿ ಹಾಕಿ ನೋಡಿ, ಕಿಟ್ ಮೇಲೆ 1.5 ಅಂತ ಬರೆದು ಒಳಗೆ 1.8 ಇರೋದು ಉಂಟು. ನೀಡಲ್ಲನ್ನ ಸೀಟೊಳಗೆ ಹಾಕಿ ತಲೆಕೆಳಗೆ ಮಾಡಿದ್ರೆ ತನ್ನ ಭಾರಕ್ಕೇ ಜಾರಿ ಬೀಳ್ಬೇಕು, ತಡೆದು ತಡೆದು ಬಂದ್ರೆ ಬಿಡಿ. ಸೀಟಿನ ಒಳ ಅಂಚಲ್ಲಿ ಲೇತಿನ ಗೆರೆ, ಚೂರು ಕಂಡ್ರೂ ಬಿಡಿ.

ವೈಟಾನ್ ಅಂತ ಹೇಳಿ ಕೊಟ್ಟಿದ್ದು ನಿಜವಾಗ್ಲೂ ಅದೇನಾ ಅನ್ನೋದಕ್ಕೆ ಮನೇಲಿ ಒಂದು ಪರೀಕ್ಷೆ ಇದೆ. ಎರಡು ತಗೊಳ್ಳಿ, ಒಂದರ ತುದಿಯ ದಪ್ಪ ವರ್ನಿಯರಲ್ಲಿ ಅಳೆದು ಬಂಕಿನ ಪೆಟ್ರೋಲಲ್ಲಿ ಒಂದು ವಾರ ಗಾಜಿನ ಬಾಟ್ಲಲ್ಲಿ ಮುಚ್ಚಿಡಿ. ತೆಗೆದು ಅಳೆದಾಗ ಕಣ್ಣಿಗೆ ಕಾಣೋ ಹಾಗೆ ಊದಿದ್ರೆ ಅಥ್ವಾ ಉಗುರಲ್ಲಿ ಒತ್ತಿದ್ರೆ ಮೆತ್ತಗೆ ಪಿಚ್ಚನೆ ಅನ್ಸಿದ್ರೆ ಇನ್ನೊಂದನ್ನ ವಾಪಸ್ ಕೊಡಿ.

ಹಂತ 7: ಕೂರಿಸೋದು

ಇಲ್ಲಿ ಸುಮ್ನೆ ನಿಧಾನ ಇದ್ರೆ ಸಾಕು. ಮುಚ್ಚಳ ಮೆತ್ತನೆ ಸತುವಿನ ಮಿಶ್ರಲೋಹದ್ದು, ಜೋರಾಗಿ ತಿರುವಿದ್ರೆ ಥ್ರೆಡ್ ಕಿತ್ಕೊಂಡು ಬರತ್ತೆ. ಹೊಸ ವಾಷರ್ ಹಾಕಿ, ಹಳೇದರ ದಪ್ಪದ್ದೇ. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತಬೇಡಿ, ಅದರ ಎಳೆ ಹರಿದು ನೀಡಲ್ ಕೆಳಗೇ ಸಿಕ್ಕಾಕೊಳ್ಳತ್ತೆ. ನೀಡಲ್ಲನ್ನ ಸೀಟಿಗೆ ಇಟ್ಟು ಸುತ್ತಿಗೇಲಿ ತಟ್ಟಿ ಕೂರಿಸೋದು, ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಿಕ್ಕೋದು, ಎರಡೂ ಬೇಡ. ಇಂಜಿನ್ ವಾಲ್ವಿಗೆ ಪೇಸ್ಟ್ ಸರಿ, ಇಲ್ಲಿ ಅದರ ಹರಳು ಹಿತ್ತಾಳೆಗೆ ನೆಟ್ಕೊಂಡು ಆಮೇಲೆ ನೀಡಲ್ಲನ್ನೇ ತಿನ್ನತ್ತೆ. ಕೆಲವು ನೀಡಲ್ಲಿಗೆ ತಂತಿಯ ಕ್ಲಿಪ್ ಇರತ್ತೆ, ಅದನ್ನ ನಾಲಿಗೆಯ ಅಂಚಿಗೆ ಸಿಕ್ಕಿಸ್ಬೇಕು, ನಾಲಿಗೆಯಲ್ಲಿ ತೂತಿದೆ ಅಂತ ಅದರೊಳಗೆ ತೂರಿಸಿದ್ರೆ ರೋಚೆಸ್ಟರ್ ಥರದ ಕಾರ್ಬೊರೇಟರಲ್ಲಿ ನೀಡಲ್ ಓರೆಯಾಗಿ ಸಿಕ್ಕಾಕೊಳ್ಳತ್ತೆ. ಕಂಪ್ರೆಸರ್ ಗಾಳಿ ಹೊಡೆಯೋದಿದ್ರೆ ನೀಡಲ್ಲು ಫ್ಲೋಟು ಎರಡೂ ತೆಗೆದಿಟ್ಟು ಹೊಡೀರಿ.

ಹಂತ 8: ಫ್ಲೋಟ್ ಲೆವೆಲ್

ನಿಮ್ಮ ಕಾರ್ಬೊರೇಟರಿನ ಅಳತೆ ಸರ್ವಿಸ್ ಮ್ಯಾನ್ಯುಯಲ್ಲಲ್ಲಿ ನೋಡಿ, ಬೇರೆ ಮಾಡೆಲ್ಲಿನ ನಂಬರ್ ತಂದು ಹಾಕ್ಬೇಡಿ. ಉದಾಹರಣೆಗೆ ಎಸ್‌ಯು ಎಚ್‌ಎಸ್ ಮಾದರೀಲಿ ಮುಚ್ಚಳ ತಲೆಕೆಳಗೆ ಇಟ್ಟಾಗ ಫ್ಲೋಟ್ ಕೈಗೂ ಮುಚ್ಚಳದ ಅಂಚಿಗೂ ಮಧ್ಯೆ 1/8 ರಿಂದ 3/16 ಇಂಚು, ಅಂದ್ರೆ 3.2 ರಿಂದ 4.8 ಮಿ.ಮೀ. ಇರ್ಬೇಕು. ಕೈ ಲೋಹದ್ದಾದ್ರೆ ಬಗ್ಗಿಸಿ ಸರಿ ಮಾಡ್ಬೋದು, ಪೂರ್ತಿ ನೈಲಾನ್ ಆದ್ರೆ ಬಗ್ಗಿಸೋಕೆ ಹೋಗಿ ಮುರ್ಕೋಬೇಡಿ, ಸೀಟ್ ಕೆಳಗೆ ವಾಷರ್ ಹಾಕಿ ಸರಿ ಮಾಡ್ಬೇಕು. ಸೋಲೆಕ್ಸ್‌ನಲ್ಲೂ ವಾಷರ್ ದಪ್ಪದಿಂದಾನೇ ಸೆಟ್ಟಿಂಗು.

ಸ್ಪ್ರಿಂಗ್ ನೀಡಲ್ ಇದ್ರೆ ಅಳೆಯುವಾಗ ಆ ಚಿಕ್ಕ ಪಿನ್ನು ಒಳಗೆ ಹೋಗ್ಬಾರ್ದು. ಮುಚ್ಚಳ ತಲೆಕೆಳಗೆ ಮಾಡಿದ್ರೆ ಫ್ಲೋಟಿನ ಭಾರಕ್ಕೇ ಪಿನ್ನು ಒಳಗೆ ಹೋಗಿ ಅಳತೆ ಸುಳ್ಳಾಗ್ತಿದ್ರೆ, ಮುಚ್ಚಳನ ನೆಟ್ಟಗೆ ಗೋಡೆ ಥರ ಹಿಡಿದು ನಾಲಿಗೆ ಪಿನ್ನಿಗೆ ಸುಮ್ನೆ ತಾಗಿದಾಗ ಅಳೀರಿ.

ಇನ್ನೊಂದು ಮಾತು, ಇ20 ಗೆ ಇಂಜಿನ್ನು ಸ್ವಲ್ಪ ಲೀನ್ ಓಡತ್ತೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ಅದನ್ನ ಸರಿ ಮಾಡೋಕೆ ಫ್ಲೋಟ್ ಲೆವೆಲ್ ಏರಿಸ್ತಾರೆ ಕೆಲವರು. ಅದಕ್ಕೆ ಜೆಟ್ ಬದಲಾಯಿಸ್ಬೇಕು, ಲೆವೆಲ್ ಮುಟ್ಬಾರ್ದು.

ಹಂತ 9: ಪರೀಕ್ಷೆ

ಮುಚ್ಚಳ ತಲೆಕೆಳಗೆ ಹಿಡಿದು, ಫ್ಲೋಟ್ ತನ್ನ ಭಾರಕ್ಕೆ ನೀಡಲ್ ಒತ್ತಿರುವಾಗ, ಇನ್‌ಲೆಟ್ ಪೈಪಿಗೆ ಟ್ಯೂಬ್ ಹಾಕಿ ಸಿರಿಂಜಿನ ಹಿಡಿ ಸ್ವಲ್ಪ ಹಿಂದಕ್ಕೆ ಎಳೆದು ಹಿಡ್ಕೊಳ್ಳಿ. ಹಿಡಿ ಅರ್ಧ ನಿಮಿಷ ಎಳೆತ ಬಿಡದೆ ಇದ್ರೆ ವಾಲ್ವ್ ಕೂತಿದೆ. ಸರ್ ಅಂತ ಸಡಿಲ ಆದ್ರೆ ಸೀಟಿನ ವಾಷರ್ ಮೊದ್ಲು ನೋಡಿ, ಆಮೇಲೆ ನೀಡಲ್.

ಕಾರಿಗೆ ಹಾಕಿದ್ಮೇಲೆ ಟ್ಯಾಂಕಿಗೂ ಪಂಪಿಗೂ ಮಧ್ಯೆ ಹೊಸ ಪೇಪರ್ ಫಿಲ್ಟರ್ ಹಾಕಿ, ಪಂಪಿನ ಗಾಜಿನ ಬಟ್ಟಲು ತೊಳೀರಿ. ಬ್ಯಾಟರಿ ಕನೆಕ್ಟ್ ಮಾಡಿ ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷ ಐಡ್ಲಿಂಗ್ ಬಿಟ್ಟು ಟಾರ್ಚ್ ಹಿಡಿದು ನಳಿಕೆ ನೋಡಿ, ತೊಟ್ಟಿಕ್ಕಬಾರ್ದು. ಎಲೆಕ್ಟ್ರಿಕ್ ಪಂಪಿದ್ರೆ ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ ನೋಡಿದ್ರೇನೇ ಗೊತ್ತಾಗತ್ತೆ.

ಬೌಲ್ ಖಾಲಿ ಆಗತ್ತಾ ಅನ್ನೋದಕ್ಕೆ ನಮ್ಮೂರಲ್ಲಿ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೇ ಜಾಗ ಬೇರೆ ಇಲ್ಲ. ಇಂಜಿನ್ ಚೆನ್ನಾಗಿ ಬಿಸಿಯಾದ್ಮೇಲೆ ಬೆಳಿಗ್ಗೆ ಟ್ರಾಫಿಕ್ ಇಲ್ಲದಾಗ ಏರಿಸಿ. ವಾಲ್ವ್ ಚಿಕ್ಕದಾಗಿದ್ರೆ ಅಥ್ವಾ ಫ್ಲೋಟ್ ಕೆಳಗೆ ಇಳಿಯೋ ದೂರ ಕಮ್ಮಿ ಆಗಿದ್ರೆ ಮೊದಲ ಸ್ವಲ್ಪ ದೂರ ಚೆನ್ನಾಗಿ ಎಳೆದು ಆಮೇಲೆ ಉಸಿರು ಕಟ್ಟಿದ ಹಾಗೆ ಶಕ್ತಿ ಕಳ್ಕೊಳ್ಳತ್ತೆ, ಕಾಲು ಎತ್ತಿ ಹತ್ತು ಹದಿನೈದು ಸೆಕೆಂಡು ಬಿಟ್ರೆ ಮತ್ತೆ ಸರಿಯಾಗತ್ತೆ. ತಿರುವಲ್ಲಿ ಮಾತ್ರ ಮಿಸ್ ಆದ್ರೆ ಅದು ಫ್ಲೋಟ್ ಲೆವೆಲ್ ಕಥೆ. ಮೊದಲಿಂದ್ಲೂ ಒಂದೇ ಸಮ ಎಳೆಯಲ್ಲ ಅಂದ್ರೆ ಇಗ್ನಿಷನ್ನು ಜೆಟ್ಟು ನೋಡಿ, ನೀಡಲ್ ವಾಲ್ವ್ ಬಿಟ್ಬಿಡಿ.

ಇನ್ನೂರು ಕಿಲೋಮೀಟರ್ ಓಡಿಸಿದ್ಮೇಲೆ ಫಿಲ್ಟರ್ ಬಿಚ್ಚಿ ಬಿಳೀ ಬಟ್ಟೆ ಮೇಲೆ ಕೊಡವಿ. ಕೆಂಪು ಪುಡಿ ಬಿದ್ರೆ ಟ್ಯಾಂಕ್ ತುಕ್ಕು ಹಿಡಿದಿದೆ, ಟ್ಯಾಂಕ್ ಇಳಿಸಿ ಕ್ಲೀನ್ ಮಾಡಿಸೋ ತನಕ ಎಷ್ಟು ವಾಲ್ವ್ ಹಾಕಿದ್ರೂ ಕೆಡ್ತಾನೇ ಇರತ್ತೆ.